ಎಡಮಂಡಿ

"ಅಂಕಲ್, ಈ ಎಡಮಂಡಿ ನೋವು ಎಷ್ಟು ದಿನದಿಂದ?"

ವ್ಯಾಯಾಮದ ಡಾಕ್ಟರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿದಳು. ಪೋಸ್ಟಣ್ಣ ತನ್ನ ಎಡಮಂಡಿಯನ್ನು ನೋಡಿಕೊಂಡ. ಅದು ಪಾಪ, ಯಾರ ತಂಟೆಗೂ ಹೋಗದೆ ಪ್ಯಾಂಟಿನೊಳಗೆ ತೆಪ್ಪಗಿತ್ತು. ಅರವತ್ತೆಂಟು ವರ್ಷದಲ್ಲಿ ಅದು ಒಂದು ದಿನವೂ ನೋವೆಂದು ರಗಳೆ ಮಾಡಿದ್ದಿಲ್ಲ.

"ಮಂಡಿ ನೋವಾ? ನನಗಾ?"

"ಮತ್ತೆ ಯಾರಿಗೆ? ನೋಡಿ ಇಲ್ಲಿ." ಅವಳು ಪರದೆಯನ್ನು ಅವನ ಕಡೆಗೆ ತಿರುಗಿಸಿದಳು. "ಬೆಳಿಗ್ಗೆ ಹೊರಗೆ ಹೋಗ್ತೀರಲ್ಲ, ಹತ್ತು ನಿಮಿಷ ಚೆನ್ನಾಗಿ ನಡೀತೀರಿ. ಆಮೇಲೆ ಎಡಗಾಲು ಊರೋಕೆ ಹೆದರ್ತೀರಿ. ಇಪ್ಪತ್ತು ನಿಮಿಷ ಆಗೋ ಹೊತ್ತಿಗೆ ಕುಂಟ್ತೀರಿ. ನಿಂತು ನಿಂತು ಹೋಗ್ತೀರಿ. ಮೂರು ವಾರದಿಂದ ದಿನಾ ಹೀಗೇ. ಇಷ್ಟು ನೋವು ಇಟ್ಕೊಂಡು ಯಾಕೆ ನಡೆದ್ರಿ? ಒಂದು ಫೋನ್ ಮಾಡಬಾರದಿತ್ತಾ?"

ಪಕ್ಕದ ಕುರ್ಚಿಯಲ್ಲಿದ್ದ ಹೆಂಡತಿ ನೆಲದ ಮೇಲಿದ್ದ ಕೈಚೀಲವನ್ನು ಎತ್ತಿ ಮಂಡಿಯ ಮೇಲಿಟ್ಟುಕೊಂಡಳು.

ಮೂವತ್ತೈದು ವರ್ಷ ಮನೆಮನೆಗೆ ಕಾಗದ ಹಂಚಿದ ಕಾಲು ಅವನದು. ಅಟ್ಟಿಸಿಕೊಂಡು ಬಂದ ನಾಯಿಗಳೇ ಸುಸ್ತಾಗಿ ವಾಪಸ್ಸು ಹೋಗುತ್ತವೆ ಎಂದು ಅಂಚೆ ಕಚೇರಿಯಲ್ಲಿ ತಮಾಷೆ ಮಾಡುತ್ತಿದ್ದರು. ಅದನ್ನು ಅವನೇ ಬಂದವರಿಗೆಲ್ಲ ಹೇಳಿಕೊಂಡು ಹಿಗ್ಗುತ್ತಿದ್ದ. ಅಂಥವನಿಗೆ ಪಾರ್ಕಿನ್ಸನ್ ಕಾಯಿಲೆ ಅಮರಿಕೊಂಡಿತು. ಮೊದಲು ಕೈ ನಡುಗಿತು, ಆಮೇಲೆ ಕಾಲು ಮೊಂಡು ಹಿಡಿಯಿತು. ಬಚ್ಚಲಿನ ಬಾಗಿಲ ಹತ್ತಿರ ಬಂದರೆ ಸಾಕು, ಪಾದ ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಎರಡು ಸಲ ಬಾಗಿಲಲ್ಲೇ ಬಟ್ಟೆ ಒದ್ದೆಯಾಯಿತು. ಹೆಂಡತಿ ಏನೂ ಅನ್ನದೆ ನೆಲ ಒರೆಸಿದಳು. ಅವಳು ನಾಲ್ಕು ಮಾತು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಸ್ಪತ್ರೆಯವರು ಆರು ವಾರಕ್ಕೆಂದು ಎರವಲು ಕೊಟ್ಟ ಯಂತ್ರದಿಂದ ಆ ಮಾನ ಉಳಿಯಿತು. ಎರಡು ಕಣಕಾಲಿಗೂ ಕಟ್ಟುವ ಪಟ್ಟಿ, ಸೊಂಟಕ್ಕೆ ಸಿಕ್ಕಿಸುವ ಒಂದು ಪುಟ್ಟ ಡಬ್ಬಿ. ಡಬ್ಬಿ ಟಕ್ ಟಕ್ ಎಂದು ತಾಳ ಹಾಕುತ್ತದೆ, ಕಾಲು ಅದನ್ನು ಹಿಡಿದುಕೊಂಡು ಎದ್ದುಬರುತ್ತದೆ. ಪಟ್ಟಿ ಒಂದೊಂದು ಹೆಜ್ಜೆಯನ್ನೂ ಗುರುತು ಮಾಡಿಕೊಳ್ಳುತ್ತದೆ. ದಿನಾ ನಲವತ್ತು ನಿಮಿಷ ಹೊರಗೆ ನಡೆಯಲೇಬೇಕು, ಇಲ್ಲದಿದ್ದರೆ ವಾಪಸ್ಸು ತೆಗೆದುಕೊಂಡು ಬೇರೆಯವರಿಗೆ ಕೊಡುತ್ತೇವೆ, ತುಂಬಾ ಜನ ಕಾಯುತ್ತಿದ್ದಾರೆ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದಳು.

ಒಂದು ದಿನ ನಡೆದ. ತಾನು ಕಾಗದ ಹಂಚಿದ ಬೀದಿಯಲ್ಲೇ, ಸೊಂಟದಲ್ಲಿ ಟಕ್ ಟಕ್ ಅನ್ನಿಸಿಕೊಂಡು. ಕ್ಷೌರದಂಗಡಿಯವನು ಕತ್ತರಿ ಹಿಡಿದೇ ಹೊರಗೆ ಬಂದು, "ಏನ್ ಪೋಸ್ಟಣ್ಣ, ಗಡಿಯಾರ ನುಂಗಿದ್ದೀರಾ?" ಎಂದ. ಒಳಗೆ ಅರ್ಧ ಗಡ್ಡ ಬೋಳಿಸಿಕೊಂಡು ಕೂತಿದ್ದವನೂ ನಕ್ಕ. ಕೆಟ್ಟ ಮನಸ್ಸಿನಿಂದೇನಲ್ಲ. ಆದರೂ ಪೋಸ್ಟಣ್ಣನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮರುದಿನ ಅವನು ಹೊರಗೆ ಕಾಲಿಡಲಿಲ್ಲ.

"ಹೇಗೂ ಮಾರ್ಕೆಟ್ಟಿಗೆ ಹೋಗ್ತೀಯಲ್ಲ, ಇದನ್ನ ಕಟ್ಕೊಂಡು ಹೋಗು," ಎಂದ ಹೆಂಡತಿಗೆ. "ಸದ್ದು ಆರಿಸಿದೀನಿ. ಅದಕ್ಕೇನು ಗೊತ್ತಾಗುತ್ತೆ, ಯಾರ ಕಾಲು ಅಂತ?"

"ಮಾರ್ಕೆಟ್ಟು ಹತ್ತೇ ನಿಮಿಷ ಕಣ್ರೀ."

"ಎರಡು ಸುತ್ತು ಜಾಸ್ತಿ ಹಾಕು. ನಿನಗೂ ಒಳ್ಳೇದೇ, ಮೈ ಇಳಿಯುತ್ತೆ."

ಈಗ ಡಾಕ್ಟರ ಎದುರು ಕೂತಾಗ ಅವನಿಗೆ ಆ ಮಾತಿನ ಅಕ್ಷರ ಅಕ್ಷರವೂ ನೆನಪಾಯಿತು. ಹೆಂಡತಿ ದಿನಾ ವಾಪಸ್ಸು ಬಂದವಳು ಒಳಗೆ ಬರುವ ಮೊದಲು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂರುತ್ತಿದ್ದಳು. ಅವನು ಒಳಗಿನಿಂದಲೇ, "ಎಷ್ಟು ಹೊತ್ತೇ, ಒಂದು ಲೋಟ ಟೀ ಸಿಗುತ್ತಾ?" ಎಂದು ಕೂಗುತ್ತಿದ್ದ.

ಡಾಕ್ಟರು ಬಗ್ಗಿ ಅವನ ಎಡಮಂಡಿಯನ್ನು ಒತ್ತಿದಳು, ಮಡಿಸಿದಳು, ಬಿಡಿಸಿದಳು. "ನೋಯ್ತಾ?"

"ಇಲ್ಲ."

"ವಿಚಿತ್ರ ಕಣ್ರೀ. ಮನೆಯೊಳಗಿನ ಹೆಜ್ಜೆ ನಿಮ್ಮ ಹಾಗೇ ಇದೆ, ಅಲ್ಲಲ್ಲಿ ಅಂಟ್ಕೊಳ್ಳುತ್ತೆ. ಹೊರಗೆ ಮಾತ್ರ ಒಂದು ಸಲವೂ ಅಂಟಿಲ್ಲ, ಬರೀ ಕುಂಟು." ಅವಳು ಹಣೆ ಉಜ್ಜಿಕೊಂಡಳು. "ಪಟ್ಟಿನೇ ಕೆಟ್ಟಿರಬೇಕು. ಬೇರೆ ಕೊಡ್ತೀನಿ ಬಿಡಿ. ಹೀಗೇ ದಿನಾ ನಡೀರಿ."

"ಹೌದು, ಅದೇ ಕೆಟ್ಟಿರೋದು," ಹೆಂಡತಿ ಥಟ್ಟನೆ ಅಂದಳು. "ಮೊದಲಿನಿಂದಲೂ ಹಂಗೇ ಇತ್ತು ಅದು. ಇವರು ಚೆನ್ನಾಗೇ ನಡೀತಾರೆ."

ಪೋಸ್ಟಣ್ಣ ಅರ್ಧ ತಲೆ ಆಡಿಸಿಯೂ ಬಿಟ್ಟ. ಒಂದು 'ಹೂಂ' ಅಂದರೆ ಮುಗಿಯಿತು, ಯಂತ್ರ ತನ್ನ ಬಳಿಯೇ ಉಳಿಯುತ್ತದೆ, ಬಚ್ಚಲ ಬಾಗಿಲು ದಾಟಬಹುದು. ಹೆಂಡತಿಯ ಕೈ ಚೀಲದ ಕೆಳಗೆ ಮಂಡಿಯನ್ನು ನೀವುತ್ತಿತ್ತು. ತಾನು ನೀವುತ್ತಿರುವುದು ಅವಳಿಗೇ ಗೊತ್ತಿದ್ದಂತಿರಲಿಲ್ಲ. ನಾಳೆ ಬೆಳಿಗ್ಗೆ ಇವಳು ಮತ್ತೆ ಹೊರಡುತ್ತಾಳೆ, ಒಂದು ಮಾತೂ ಆಡದೆ ಹೊರಡುತ್ತಾಳೆ ಎಂದು ಅವನಿಗೆ ಖಾತ್ರಿಯಾಯಿತು.

"ಪಟ್ಟಿ ಕೆಟ್ಟಿಲ್ಲ," ಎಂದ. "ಆ ಕಾಲು ನಂದಲ್ಲಮ್ಮ. ಇವಳದು."

ಡಾಕ್ಟರು ಅವನ ಮುಖ ನೋಡಿದಳು, ಹೆಂಡತಿಯ ಮುಖ ನೋಡಿದಳು. ಅವನು ತಲೆ ಎತ್ತಲಿಲ್ಲ. ಡಾಕ್ಟರು ಎದ್ದು ಬಂದು ಅವಳ ಮುಂದೆ ಕುಕ್ಕುರುಗಾಲಲ್ಲಿ ಕೂತು, ಚೀಲ ಪಕ್ಕಕ್ಕಿಟ್ಟು, ಮಂಡಿ ಮುಟ್ಟಿದಳು. ಅದು ಊದಿಕೊಂಡಿತ್ತು.

"ಅಮ್ಮಾ!" ಹೆಂಡತಿ ನೋವಿಗೆ ಕೂಗಿದಳು.

"ಎಷ್ಟು ದಿನದಿಂದ ಆಂಟಿ?"

"ಎರಡು ಮೂರು ವರ್ಷ ಆಗಿರಬೇಕು. ಅಷ್ಟೇನಿಲ್ಲ ಬಿಡಿ."

"ನನಗೆ ಒಂದು ಮಾತು ಹೇಳಬಾರದಿತ್ತೇನೇ?" ಎಂದ ಪೋಸ್ಟಣ್ಣ.

"ಹೇಳಿದ್ದೆ," ಎಂದಳು ಹೆಂಡತಿ. "ಎರಡು ಸಲ."

ಅದರಲ್ಲಿ ಸಿಟ್ಟಿರಲಿಲ್ಲ. ಅವನು ಎಷ್ಟು ತಡಕಾಡಿದರೂ ಆ ಎರಡರಲ್ಲಿ ಒಂದೂ ನೆನಪಿಗೆ ಬರಲಿಲ್ಲ.

ಡಾಕ್ಟರು ಅವಳಿಗೆ ಮೂಳೆ ಡಾಕ್ಟರಿಗೊಂದು ಚೀಟಿ ಬರೆದುಕೊಟ್ಟಳು. ಆಮೇಲೆ ಪಟ್ಟಿಗಳನ್ನು ಪೋಸ್ಟಣ್ಣನ ಕಾಲಿಗೆ ತಾನೇ ಕಟ್ಟಿದಳು. "ಒಂದು ವಾರ ನೋಡ್ತೀನಿ ಅಂಕಲ್. ಈ ಸಲ ನೀವೇ ನಡೆದಿರಬೇಕು. ಇಲ್ಲಾಂದ್ರೆ ನಾನೇನೂ ಮಾಡೋಕಾಗಲ್ಲ." ಡಬ್ಬಿಯ ಸದ್ದನ್ನು ಪೂರ್ತಿ ಏರಿಸಿದಳು. "ಹೊರಬಾಗಿಲ ತನಕ ಈಗಲೇ ನಡೀರಿ. ನಡುವೆ ನಿಲ್ಲಬೇಡಿ. ನಿಂತ್ರೆ ಮತ್ತೆ ಕಾಲು ಎತ್ತೋದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತಲ್ಲ."

ಕೋಣೆಯ ಹೊರಗೆ ಉದ್ದನೆಯ ಹಾದಿ, ಎರಡೂ ಬದಿಗೆ ಬೆಂಚು, ಬೆಂಚಿನ ತುಂಬ ಜನ. ಟಕ್, ಟಕ್. ಪತ್ರಿಕೆ ಓದುತ್ತಿದ್ದವನೊಬ್ಬ ಕನ್ನಡಕ ಜಾರಿಸಿ ನೋಡಿದ. ಮಾತಾಡುತ್ತಿದ್ದವರು ಮಾತು ನಿಲ್ಲಿಸಿದರು. ಪೋಸ್ಟಣ್ಣ ಎದುರಿನ ಗೋಡೆಯನ್ನೇ ನೋಡುತ್ತಾ ನಡೆದ. ಕಾಲು ಮಾತು ಕೇಳಿತು. ಎಷ್ಟೋ ತಿಂಗಳ ನಂತರ ಹಳೆಯ ಬಿರುಸೇ ಬಂದ ಹಾಗಿತ್ತು. ಅರ್ಧ ಹಾದಿ ದಾಟಿದಾಗ ಪಕ್ಕದಲ್ಲಿ ಹೆಂಡತಿ ಇಲ್ಲ ಎಂದು ಗೊತ್ತಾಯಿತು.

ಇನ್ನು ಇಪ್ಪತ್ತು ಹೆಜ್ಜೆ ಹಾಕಿದರೆ ಬಾಗಿಲು. ಅವನು ನಿಂತುಬಿಟ್ಟ.

ನಿಂತದ್ದೇ ತಡ, ಪಾದ ನೆಲ ಕಚ್ಚಿತು. ಡಬ್ಬಿ ಬಡಿದುಕೊಳ್ಳುತ್ತಲೇ ಇತ್ತು. "ಯಾರಾದ್ರೂ ಕೈ ಕೊಡಿ ಅವರಿಗೆ," ಎಂದರು ಯಾರೋ. ಅವನು ಬೇಡವೆಂದು ತಲೆಯಾಡಿಸಿದ. ಹಿಂದೆ ತಿರುಗಲು ಆಗುತ್ತಿರಲಿಲ್ಲ. ಅಷ್ಟೂ ಜನರ ನಡುವೆ ಮುಂದಕ್ಕೇ ಮುಖ ಮಾಡಿ ನಿಂತು, ಟಕ್ ಟಕ್ ಸದ್ದಿನ ಸಂದಿನಲ್ಲಿ ಕಿವಿಗೊಟ್ಟು ಕೇಳಿದ. ಗೋಡೆ ಹಿಡಿದು ಬರುತ್ತಿದ್ದ ಹೆಂಡತಿಯ ಹೆಜ್ಜೆ, ಒಂದು ಪೂರ್ತಿ, ಒಂದು ಅರ್ಧ.