ಬೀರುವಿನೊಳಗಿನ ಹತ್ತರಿ

ಹನ್ನೆರಡು ವರ್ಷದ ಹಿಂದೆ, ಹಾಸಿಗೆ ಹಿಡಿದಿದ್ದ ಅಮ್ಮನ ಕೈ ಮುಟ್ಟಿ ತಮ್ಮ ಮಾತು ಕೊಟ್ಟಿದ್ದ: ಏನೇ ಬರಲಿ, ಅಣ್ಣನ ಮರಗೆಲಸದ ಶೆಡ್ಡು ಬಿಟ್ಟು ಬೇರೆ ಹೋಗುವುದಿಲ್ಲ.

ಪೇರಿಸಿಟ್ಟ ಹಲಗೆಗಳು ಜಾರಿ ಅವನ ಬಲಭುಜದ ಮೇಲೆ ಬಿದ್ದ ದಿನವೂ ಆ ಮಾತು ಗಟ್ಟಿಯಾಗಿತ್ತು. ತೋಳು ಮೇಲೇಳದೆ ಜೋತುಬಿತ್ತು. ಪೆಟ್ಟು ತಾನಾಗಿ ಮಾಗುತ್ತೆ, ಸುಮ್ಮನಿರು ಎಂದ ಅಣ್ಣ. ಹಿರಿಯನ ಮಾತು. ತಮ್ಮ ಐದು ತಿಂಗಳು ಸುಮ್ಮನಿದ್ದ. ಭುಜದ ದುಂಡು ಕರಗಿ ಮೂಳೆ ಎದ್ದು ಕಂಡಿತು.

ಇಷ್ಟು ದಿನ ಏನು ಕಾಯುತ್ತಿದ್ದಿರಿ ಎಂದು ಡಾಕ್ಟರು ಬೈದರು. ಪೆಟ್ಟಿಗೆ ಭುಜದ ನರ ಹರಿದಿತ್ತಂತೆ, ಇನ್ನೂ ತಡವಾಗಿದ್ದರೆ ಸ್ನಾಯುವೇ ಸತ್ತುಹೋಗುತ್ತಿತ್ತಂತೆ. ಮೊಣಕೈ ಚಾಚುವ ಸ್ನಾಯುವಿನ ನರದಿಂದ ಒಂದು ಕವಲು ಕಡಿದು ಭುಜದ ನರಕ್ಕೆ ಹೊಲಿದರು. ಇನ್ನು ಭುಜ ಏಳಬೇಕೆಂದರೆ ಮೊಣಕೈ ನೂಕಬೇಕು, ದಿನಾ, ಬೇಸರಿಸದೆ. ಕೆಲಸ ಕೊಡದಿದ್ದರೆ ನರ ಕಲಿಯುವುದಿಲ್ಲ ಎಂದರು.

ಮರ ನಯ ಮಾಡುವ ಹತ್ತರಿ ಹಿಡಿದವನಿಗೆ ನೂಕುವುದು ಹೇಳಿಕೊಡಬೇಕೆ? ಗಾಯ ಮಾಗಿದ ಮೇಲೆ ದಿನಾ ನೂಕಿದ. ಆಪರೇಷನ್ ಆದ ಆರನೇ ತಿಂಗಳಲ್ಲಿ ಒಂದು ಬೆಳಿಗ್ಗೆ, ಹತ್ತರಿ ಮುಂದೆ ಹೋದಂತೆ, ಭುಜದೊಳಗೆ ಮೀನು ಮಿಸುಕಿದ ಹಾಗಾಯಿತು. ಅಣ್ಣನನ್ನು ಕರೆದು ತೋರಿಸಿದ.

ಮರುದಿನ ಹತ್ತರಿ ಬೀರುವಿನೊಳಗೆ. ಬೀರುವಿಗೆ ಬೀಗ.

"ಹೊಲಿಗೆ ಬಿಟ್ಕೊಂಡ್ರೆ ಏನೋ ಗತಿ? ಕೂತ್ಕೊಂಡು ತಿನ್ನು, ನಾನಿಲ್ವಾ?" ಎಂದ ಅಣ್ಣ.

ಡಾಕ್ಟರು ಹೇಳಿದ್ದನ್ನೆಲ್ಲ ತಮ್ಮ ಮತ್ತೆ ಹೇಳಿದ. ಓದಿದವರಿಗೆ ನಮ್ಮ ಕೆಲಸದ ಭಾರ ಏನು ಗೊತ್ತು ಎಂದು ಅಣ್ಣ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ. ತಮ್ಮ ಗೋಡೆ ನೂಕಿ ನೋಡಿದ. ಗೋಡೆ ಮುಂದೆ ಸರಿಯುವುದಿಲ್ಲ, ತೋಳಿಗೆ ಲಯ ಹತ್ತಲಿಲ್ಲ. ವಾರ ಕಳೆಯಿತು. ಮೀನು ಮಿಸುಕಲಿಲ್ಲ. ತಮ್ಮ ಹೋಗಿ ಅಣ್ಣನೆದುರು ನಿಂತ.

"ಶೋಕೇಸಿನ ಗೊಂಬೆ ಮಾಡಿ ಕೂರಿಸ್ತೀಯಾ ನನ್ನ? ಐದು ತಿಂಗಳು ನಿನ್ ಮಾತು ಕೇಳಿ ಕೈ ಕಳ್ಕೊಂಡೆ ಅಣ್ಣ. ಇನ್ನೊಂದು ದಿನ ಕೇಳಲ್ಲ."

"ಅಮ್ಮಂಗೆ ಏನಂದಿದ್ದೆ, ನೆನಪಿದೆಯಾ?"

"ನೆನಪಿರೋದಕ್ಕೇ ಇಷ್ಟು ದಿನ ಇದ್ದೆ."

ಎಡಗೈಯಲ್ಲಿ ಉಳಿ ಹಿಡಿದು ಬೀಗ ಮೀಟಿದ. ಅಣ್ಣ ಅಡ್ಡ ಬರಲಿಲ್ಲ. ಸೊಂಟದ ಬೀಗದ ಕೈ ಹಿಡಿದು ನಿಂತಿದ್ದ. ತಮ್ಮ ಹತ್ತರಿ ಕಂಕುಳಲ್ಲಿಟ್ಟುಕೊಂಡು ಹೊರಟ. ಹಿಂದಿನ ಬೀದಿಯಲ್ಲೊಂದು ಖಾಲಿ ಗ್ಯಾರೇಜು ಹಿಡಿದು, ಮೇಜು ಹಾಕಿ, ಅದೇ ಸಂಜೆ ನೂಕಲು ಶುರು ಮಾಡಿದ.

ಅಮ್ಮನಿಗೆ ಕೊಟ್ಟ ಮಾತು ಮುರಿಯಿತು.