ಹೊಟ್ಟೆಗೆ ಸೂಜಿ, ಜೇಬಿಗೆ ಹೋಳಿಗೆ

ಮುಧೋಳದ ಚನಮಲ್ಲಪ್ಪನವರಿಗೆ ಚಿಂತೆಯಾದರೆ ಕೈ ತಾನಾಗಿ ತಿಂಡಿಯ ಡಬ್ಬಿಗೆ ಹೋಗುತ್ತಿತ್ತು. ಕರೆಂಟು ಹೋದರೂ ಚಿಂತೆ, ಬಂದರೂ ಚಿಂತೆ. ಹಾಗಾಗಿ ನೂರೆಂಟು ಕಿಲೋ ತೂಗುತ್ತಿದ್ದರು. ಜಮಖಂಡಿಯ ಡಾಕ್ಟರು ತೂಕ ಇಳಿಸಲು ವಾರಕ್ಕೊಂದು ಸೂಜಿ ಬರೆದುಕೊಟ್ಟರು.

“ಸೂಜಿ ಹಸಿವು ಕಡಿಮಿ ಮಾಡ್ತೈತ್ರಿ. ತಿನ್ನೋ ಚಾಳಿ ಮಾತ್ರ ನೀವ ಬಿಡಬೇಕು.”

ಚನಮಲ್ಲಪ್ಪನವರು ಮೊದಲ ಮಾತನ್ನಷ್ಟೇ ಕೇಳಿಸಿಕೊಂಡು ಬಂದರು.

ಐದನೆಯ ಸೂಜಿಯ ಮರುದಿನವೇ ಮಗಳು ಮಧುಮತಿಯ ಸಕ್ಕರೆ ಶಾಸ್ತ್ರ. ಬಾಡಗಂಡಿಯ ಕಲ್ಮೇಶನನ್ನು ಅವಳು ಮನಸಾರೆ ಒಪ್ಪಿದ್ದಳು. ಬೀಗರು ಬಾಯಿಗೆ ಸಕ್ಕರೆ ಹಾಕಿದರೆ ಲಗ್ನ ಗಟ್ಟಿ.

“ಅಪ್ಪಾ, ಆ ಮನ್ಯಾಗ ಮೊದಲ ಊಟ, ಆಮ್ಯಾಲ ಸಕ್ರಿ. ತಾಟಿನ್ಯಾಗ ಬಿಟ್ಟರ ಸಂಬಂಧ ಒಲ್ಲೆ ಅಂದಂಗ. ನನ್ನ ಸಲುವಾಗಿ ಉಣ್ಣಪಾ,” ಎಂದು ದಾರಿಯುದ್ದಕ್ಕೂ ಹೇಳಿದ್ದಳು.

ಬಾಡಗಂಡಿಯ ಮನೆಯಲ್ಲಿ ಬಡಿಸಲು ನಿಂತವರು ಕಲ್ಮೇಶನ ತಾಯಿ ಶಿವವ್ವ. ಎರಡನೆಯ ತುತ್ತಿಗೇ ಚನಮಲ್ಲಪ್ಪನವರ ಗಂಟಲು ಬಾಗಿಲು ಹಾಕಿಕೊಂಡಿತು. ಶಿವವ್ವನ ಮುಖ ಸಣ್ಣದಾಯಿತು. ಅದನ್ನು ಕಂಡು ಇವರಿಗೆ ಚಿಂತೆ. ಚಿಂತೆಯಾದದ್ದೇ ಕೈ ಹೊರಟಿತು. ಶೇಂಗಾ ಹೋಳಿಗೆ ಹಿಡಿದು ಬಾಯಿಗೆ ತಂದಿತು, ಬಾಯಿ ಒಲ್ಲೆನೆಂದಿತು. ಪಾಪ, ಕೈ ಎಲ್ಲಿಗೆ ಹೋಗಬೇಕು? ಜುಬ್ಬಾದ ಜೇಬಿಗೆ ಹೋಯಿತು.

ಖಾಲಿ ತಾಟು ಕಂಡ ಶಿವವ್ವ ಅರಳಿ, “ಹಾಕಸ್ಕೋರಿ ಬೀಗರ!” ಎಂದು ಮತ್ತೆರಡು ಹಾಕಿದರು. ಅವೂ ಜೇಬಿಗೆ. ಮತ್ತೆರಡು. ತುಪ್ಪ ತೊಡೆಗಿಳಿಯತೊಡಗಿತು.

ಊಟ ಮುಗಿದು ಸಕ್ಕರೆಯ ತಟ್ಟೆ ಬಂತು. ಚನಮಲ್ಲಪ್ಪನವರು ದೇವರ ಫೋಟೊಗೆ ಅಡ್ಡಬಿದ್ದರು ನೋಡಿ, ಐದೂ ಹೋಳಿಗೆ ನೆಲಕ್ಕೆ! ಒಂದಂತೂ ಗಾಲಿಯ ಹಾಗೆ ಉರುಳುತ್ತ ಶಿವವ್ವನ ಕಾಲಿಗೆ ಬಂದು ನಿಂತಿತು.

ಶಿವವ್ವ ತಟ್ಟೆ ಕೆಳಗಿಟ್ಟರು. “ಬುತ್ತಿ ಬೇಕಿದ್ರ ಬಾಯಿ ಬಿಟ್ಟ ಕೇಳಬಾರದೇನ್ರಿ?”

ಮಧುಮತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

“ಸೂಜಿ ಹೊಟ್ಟಿಗೆ ಹೇಳೇತ್ರಿ ಅಕ್ಕಾರ, ಕೈಗೆ ಹೇಳಿಲ್ಲ,” ಚನಮಲ್ಲಪ್ಪನವರು ಎಲ್ಲವನ್ನೂ ಒಪ್ಪಿಕೊಂಡರು. “ನೀವೆಲ್ಲಿ ನನ್ನ ಮಗಳನ್ನ ಒಲ್ಲೆ ಅಂತೀರೋ ಅಂತ ಚಿಂತಿ ಹತ್ತಿತ್ತು.”

“ಅಯ್ಯ ಶಿವನ! ನೀವ ಒಲ್ಲೆ ಅಂತೀರಿ ಅಂತ ನನಗ ಚಿಂತಿ. ಚಿಂತಿ ಹತ್ತಿದ್ರ ನಾ ಒಲಿ ಹಚ್ಚತೇನ್ರಿ. ಮುಂಜಾನಿಂದ ನೂರಾ ಇಪ್ಪತ್ತ ಹೋಳಿಗಿ ಮಾಡೇನಿ, ಉಣ್ಣವ್ರು ಎಂಟ ಮಂದಿ!”

“ಅದಕ್ಕ ಈ ಮನ್ಯಾಗ ಎಲ್ಲಾರೂ ಕುಂಬಳಕಾಯಿ ಆಗೇವಿ,” ಎಂದು ಕಲ್ಮೇಶ ಹೊಟ್ಟೆ ಸವರಿಕೊಂಡ.

ಶಿವವ್ವ ನಕ್ಕುಬಿಟ್ಟರು. ತಟ್ಟೆ ಎತ್ತಿ ಬೀಗರ ಬಾಯಿಗೆ ಒಂದೇ ಚಿಟಿಕೆ ಸಕ್ಕರೆ ಹಾಕಿದರು. ಬಾಯಿ ಒಲ್ಲೆನೆನ್ನಲಿಲ್ಲ.

ಡಾಕ್ಟರು ಸೂಜಿ ಮುಂದುವರಿಸಿದರು. ಆದರೆ ಈಗ ಚಿಂತೆ ಬಂದರೆ ಇವರು ಡಬ್ಬಿ ಮುಟ್ಟುವುದಿಲ್ಲ, ಅವರು ಒಲೆ ಹಚ್ಚುವುದಿಲ್ಲ. ಫೋನು ಹಚ್ಚಿ ಇವರು ಮುಧೋಳದಲ್ಲಿ, ಅವರು ಬಾಡಗಂಡಿಯಲ್ಲಿ ಮಾತಾಡುತ್ತ ನಡೆಯುತ್ತಾರೆ. ಮದುವೆಯ ಚಿಂತೆಗೆ ಇಬ್ಬರ ಎರಡೆರಡು ಜೋಡು ಚಪ್ಪಲಿ ಸವೆದವು.

ಲಗ್ನದ ದಿನ ಅಕ್ಕಿಕಾಳು ಹಾಕುವ ಹೊತ್ತಿಗೆ ನೋಡಿದರೆ ಬೀಗರಿಬ್ಬರೂ ಇಲ್ಲ. ಹಂದರದ ಸುತ್ತ ನಡೆಯುತ್ತಿದ್ದರು.

“ಅಪ್ಪಾ, ಹೊತ್ತಾತು, ಬಾರೋ!” ಮಧುಮತಿ ಬಾಸಿಂಗ ಕಟ್ಟಿಕೊಂಡೇ ಕೂಗಿದಳು.

“ತಡಿಯವಾ, ಇನ್ನೊಂದ ಸುತ್ತ ಚಿಂತಿ ಉಳದೈತಿ!”