ಕಂಡಕ್ಟರ ಮಗಳು ಗಾರ್ಡ್

ನನ್ನ ತಂಗಿ ಕುಳ್ಳಿ. ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಚೆಂಡನ್ನು ಮುಂದೆ ಸಾಗಿಸಿ ಜೊತೆಯವರಿಗೆ ದಾಟಿಸುವ ಗಾರ್ಡ್ ಆಗಿ ಎಷ್ಟು ಚೆನ್ನಾಗಿ ಆಡಿದರೂ ವಿಶ್ವವಿದ್ಯಾಲಯದ ತಂಡಕ್ಕೆ ಅವಳನ್ನು ಪ್ರತಿ ವರ್ಷ ಬೇಡವೆಂದಿದ್ದರು. ಅಂದಿನದು ಅವಳಿಗೆ ಕೊನೆಯ ಆಯ್ಕೆ ಪಂದ್ಯ. ಸಿಟಿ ಬಸ್ಸಿನ ಕಂಡಕ್ಟರಾದ ಅಪ್ಪ ಕೆಲಸದ ಬಟ್ಟೆಯಲ್ಲೇ ಬಂದು ನನ್ನ ಪಕ್ಕ ಕೂತಿದ್ದರು.

ಇಬ್ಬರು ಎತ್ತರದ ಹುಡುಗಿಯರು ತಂಗಿಯನ್ನು ಮೂಲೆಗೆ ಒತ್ತಿದರು.

“ಮುಗೀತಪ್ಪ,” ಎಂದೆ.

“ಸುಮ್ನಿರೇ. ಬೆಳಗಿನ ಬಸ್ಸಿಗಿಂತ ರಶ್ಶಾ ಇದು?”

ಚಿಕ್ಕಂದಿನಲ್ಲಿ ನಾವು ಅಪ್ಪನ ಬಸ್ಸಿನಲ್ಲೇ ಶಾಲೆಗೆ ಹೋಗುತ್ತಿದ್ದೆವು. ನಾನು ನಾಚಿಕೊಂಡು ಬಾಗಿಲ ಕಂಬಿಗೆ ಅಂಟಿಕೊಂಡಿರುತ್ತಿದ್ದೆ. ಅವಳು ಅಪ್ಪನ ಬೆನ್ನಿಗೇ ಬಿದ್ದು, ಅವರಂತೆಯೇ ಭುಜ ಓರೆ ಮಾಡಿ, ಯಾರ ಕಾಲನ್ನೂ ತುಳಿಯದೆ ಹಿಂದಿನ ಸೀಟಿನವರೆಗೆ ನುಸುಳುತ್ತಿದ್ದಳು.

ಈಗಲೂ ಭುಜ ಓರೆ ಮಾಡಿದಳು. ಆ ಇಬ್ಬರ ನಡುವಿನಿಂದ ಜಾರಿ ಬಂದವಳಿಗೂ ಬುಟ್ಟಿಗೂ ನಡುವೆ ಅಡ್ಡ ಯಾರೂ ಇರಲಿಲ್ಲ. ಆದರೂ ಅದಕ್ಕೆ ಇನ್ನೂ ಹತ್ತಿರ ನಿಂತಿದ್ದ ಗೆಳತಿಗೆ ಚೆಂಡು ದಾಟಿಸಿದಳು. ಗೆಳತಿ ಅದನ್ನು ಬುಟ್ಟಿಗೆ ಹಾಕಿದಳು; ತಂಗಿಯ ತಂಡ ಗೆದ್ದಿತು.

“ನೀನೇ ಹಾಕ್ಬಾರ್ದಿತ್ತೇನೆ, ಪೆದ್ದಿ? ಆಯ್ಕೆಯವ್ರು ನೋಡ್ತಿದ್ರು!” ಎಂದು, ಪಂದ್ಯ ಮುಗಿಸಿ ನಮ್ಮ ಬಳಿ ಬಂದವಳನ್ನು ಅಪ್ಪ ಗದರಿದರು.

“ಅವ್ಳಿಗೆ ಸುಲಭ ಇತ್ತಪ್ಪ.”

ಅಷ್ಟರಲ್ಲಿ ಆಯ್ಕೆಗಾರ್ತಿ ಬಂದು ತಂಗಿಯ ಬೆನ್ನು ತಟ್ಟಿದರು. “ಪಾಯಿಂಟ್ ಹೊಡೆಯೋರು ಬೇಕಾದಷ್ಟಿದಾರೆ. ನೀನು ಸೋಮವಾರದಿಂದ ನಮ್ಮ ತಂಡಕ್ಕೆ ಬಾಮ್ಮ.”

ಯಾವತ್ತೂ ದನಿಯೆತ್ತದ ನಾನು, ಇಡೀ ಅಂಗಳ ತಿರುಗಿ ನೋಡುವಂತೆ ಕೂಗಿದೆ.